ಶೋಲ್ಡರ್ ಬ್ರಾಡ್, ರೋಡ್ ವೈಡ್: ಎರಡೂ ಅಗಲವೇ ತಾನೆ?

ಪ್ರಶ್ನೆ: ಸರ್, ನನ್ನ ಮಗಳು 8ನೇ ಕ್ಲಾಸು. ಇಂಗ್ಲಿಷ್ ಪ್ರಬಂಧದಲ್ಲಿ ತಾತನ ಬಗ್ಗೆ ಬರೆಯುವಾಗ 'ಹಿ ಹ್ಯಾಸ್ ವೈಡ್ ಶೋಲ್ಡರ್ಸ್' ಅಂತ ಬರೆದಿದ್ದಳು. ಮೇಷ್ಟ್ರು ವೈಡ್ ಹೊಡೆದು ಹಾಕಿ ಬ್ರಾಡ್ ಅಂತ ತಿದ್ದಿದ್ದಾರೆ. ಅದೇ ಪುಟದಲ್ಲಿ 'ವೈಡ್ ರೋಡ್' ಅಂತ ಇರುವುದಕ್ಕೆ ಮಾತ್ರ ಟಿಕ್ ಹಾಕಿದ್ದಾರೆ. ಎರಡಕ್ಕೂ ಕನ್ನಡದಲ್ಲಿ ಅಗಲ ಅಂತಲೇ ಅಲ್ವಾ? ಹಾಗಾದರೆ ಕ್ರಿಕೆಟ್ಟಿನ ವೈಡು ಯಾವುದು? ನಮ್ಮ ಆಫೀಸಿನ ಪತ್ರಗಳಲ್ಲಿ 'ವೈಡ್ ಆರ್ಡರ್ ನಂಬರ್' ಅಂತ ಬರುತ್ತದಲ್ಲ, ಅದು ಯಾವ ಅಗಲ?
(ಹಾಸನ ಕಡೆಯ ಓದುಗರೊಬ್ಬರು)

ಉತ್ತರ: ಮೊದಲು ಆಫೀಸಿನ ವೈಡನ್ನು ವಿಲೇವಾರಿ ಮಾಡಿಬಿಡೋಣ. ಅದಕ್ಕೂ ಅಗಲಕ್ಕೂ ಯಾವ ಸಂಬಂಧವೂ ಇಲ್ಲ.

ಪತ್ರದಲ್ಲಿ ಬರುವ ಆ ಪದ 'ವಿ' ಅಕ್ಷರದಿಂದ ಶುರುವಾಗುತ್ತದೆ. ರಸ್ತೆಯದು, ಕ್ರಿಕೆಟ್ಟಿನದು 'ಡಬ್ಲ್ಯು'ದಿಂದ. ಆಫೀಸಿನದು ಲ್ಯಾಟಿನ್ ಪದ, ಅರ್ಥ 'ನೋಡು' ಅಂತ, ಅಷ್ಟೇ. ನಾವು ದಿನಾ ಹೇಳುವ ವಿಡಿಯೋ ಕೂಡ ಅದೇ ಬೇರಿನದು. ಲ್ಯಾಟಿನ್ನಿನಲ್ಲಿ ವಿಡಿಯೋ ಅಂದರೆ 'ನಾನು ನೋಡುತ್ತೇನೆ'. ಹಾಗಾಗಿ ಆ ಪತ್ರ ನಿಮಗೆ ಹೇಳುತ್ತಿರುವುದು 'ಇಂಥ ನಂಬರಿನ ಆದೇಶ ನೋಡಿ' ಅಂತ. ನಮ್ಮ ಆಫೀಸುಗಳಲ್ಲಿ ಅದು ನಿಧಾನವಾಗಿ 'ಇಂಥ ಆದೇಶದ ಪ್ರಕಾರ', 'ಇಂಥ ಪತ್ರದ ಮೂಲಕ' ಅನ್ನುವ ಅರ್ಥಕ್ಕೆ ಜಾರಿದೆ. ಕನ್ನಡದ ಪತ್ರದ ತಲೆಯಲ್ಲಿ 'ಉಲ್ಲೇಖ' ಅಂತ ಹಾಕುತ್ತೇವಲ್ಲ, ಆ ಕೆಲಸವೇ ಇದು ಕೂಡ ಮಾಡುವುದು. ಉಚ್ಚಾರಣೆ ನಿಘಂಟಿನಲ್ಲಿ ವೈಡಿ ಅಂತಲೋ ವಿಡೆ ಅಂತಲೋ ಇರುತ್ತದೆ. ನಾವು ವೈಡ್ ಅಂದುಬಿಟ್ಟಿದ್ದರಿಂದ ಈ ಗೊಂದಲ.

ಇದರಲ್ಲಿ ನಮ್ಮ ಲಿಪಿಯದೂ ಸ್ವಲ್ಪ ಕೈವಾಡ ಇದೆ ಅನ್ನಿ. ಕನ್ನಡಕ್ಕೆ ಇರುವುದು ಒಂದೇ 'ವ'. ಇಂಗ್ಲಿಷಿನವರು ವಿ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ. ಡಬ್ಲ್ಯು ಬಂದಾಗ ಹಲ್ಲಿಗೆ ಕೆಲಸವೇ ಇಲ್ಲ, ಸಿಳ್ಳೆ ಹಾಕುವಾಗ ಮಾಡಿದ ಹಾಗೆ ತುಟಿ ದುಂಡಗೆ ಮುಂದೆ ಬರುತ್ತದೆ. ಮಗಳನ್ನು ಕನ್ನಡಿ ಮುಂದೆ ನಿಲ್ಲಿಸಿ ರಸ್ತೆಯ ವೈಡ್ ಹೇಳಿಸಿ. ಹಲ್ಲು ತುಟಿಗೆ ತಾಗಿದರೆ ಅದು ಆಫೀಸಿನ ವೈಡ್ ಆಯಿತು.

ಇನ್ನು ಅಸಲಿ ಪ್ರಶ್ನೆ. ಮೇಷ್ಟ್ರು ತಿದ್ದಿದ್ದು ಸರಿಯಾಗಿಯೇ ಇದೆ. ಆದರೆ ಯಾಕೆ ಅಂತ ಹೇಳಿಲ್ಲ, ಪಾಪ. 60 ಪುಸ್ತಕ ತಿದ್ದುವವರಿಗೆ ಅಷ್ಟು ಪುರುಸೊತ್ತು ಎಲ್ಲಿ? ನಾನೂ ಆ ಕೆಲಸ ಮಾಡಿದವನೇ.

ಇದನ್ನು ಕನ್ನಡದ ಕಡೆಯಿಂದ ನೋಡಿದರೆ ಬೇಗ ಅರ್ಥವಾಗುತ್ತದೆ. ಅಗಲ ಅನ್ನುವ ನಮ್ಮ ಪದವನ್ನೇ ತೆಗೆದುಕೊಳ್ಳಿ. ಅದರ ಪಕ್ಕದಲ್ಲೇ 'ಅಗಲು' ಅನ್ನುವ ಕ್ರಿಯಾಪದ ಕೂತಿದೆ. ಗಂಡ ಹೆಂಡತಿಯನ್ನು ಅಗಲಿದ, ಹಿರಿಯರು ನಮ್ಮನ್ನು ಅಗಲಿದರು, ಅಗಲಿಕೆಯ ನೋವು. ಅಲ್ಲಿ ಅರ್ಥ ದೂರವಾಗುವುದು. ಅಗಲ, ಅಗಲಿಕೆ ಎರಡೂ ಒಂದೇ ಬೇರಿನ ಮಕ್ಕಳು. ತಮಿಳಿನಲ್ಲೂ ಹೀಗೇ: ದೂರ ಸರಿಯುವುದಕ್ಕೂ ಹರಡಿಕೊಳ್ಳುವುದಕ್ಕೂ ಒಂದೇ ಕ್ರಿಯಾಪದ. ಎರಡು ಅಂಚುಗಳು ಒಂದನ್ನೊಂದು ಬಿಟ್ಟು ದೂರ ಹೋದರೆ ನಡುವೆ ಉಳಿಯುವುದೇ ಅಗಲ. 'ಕಾಲು ಅಗಲಿಸಿ ನಿಂತ', 'ಕಣ್ಣು ಅಗಲಿಸಿ ನೋಡಿದಳು' ಅನ್ನುವಾಗ ಈ ಚಿತ್ರ ಇನ್ನೂ ಚೊಕ್ಕವಾಗಿ ಕಾಣುತ್ತದೆ. ಅಲ್ಲಿ ಎರಡು ರೆಪ್ಪೆಗಳ ನಡುವಿನ, ಎರಡು ಪಾದಗಳ ನಡುವಿನ ತೆರಪು ದೊಡ್ಡದಾಯಿತು.

ವೈಡ್ ಅನ್ನುವ ಪದದ ಒಳಗಿರುವುದೂ ಈ ತೆರಪೇ. ಇಂಗ್ಲಿಷಿನ ಸೋದರ ಭಾಷೆ ಜರ್ಮನ್. ಅಲ್ಲಿ ಇದರ ಜೊತೆಗೆ ಹುಟ್ಟಿದ ಪದ ಇವತ್ತಿಗೂ ಮುಖ್ಯವಾಗಿ 'ದೂರ' ಅನ್ನುವ ಅರ್ಥದಲ್ಲೇ ಓಡಾಡುತ್ತಿದೆ. ಊರು ಎಷ್ಟು ದೂರ ಅಂತ ಕೇಳುವಾಗ ಅವರು ಬಳಸುವುದು ಅದನ್ನೇ. ರಸ್ತೆಯ ಅಗಲ ಹೇಳಲು ಅವರಿಗೆ ಬ್ರಾಡ್‌ನ ಸೋದರ ಪದ ಬೇಕು. ಇಂಗ್ಲಿಷಿನಲ್ಲಿ ಮಾತ್ರ ವೈಡ್ ದೂರದ ಕೆಲಸದಿಂದ ಅಗಲ ಅಳೆಯುವ ಕೆಲಸಕ್ಕೆ ವರ್ಗವಾಯಿತು. ಆದರೆ ಹಳೇ ಕುರ್ಚಿ ಪೂರ್ತಿ ಬಿಟ್ಟಿಲ್ಲ. 'ಫಾರ್ ಆಂಡ್ ವೈಡ್' ಅನ್ನುವ ಜೋಡಿಯಲ್ಲಿ ಅದು ದೂರದ ಪಕ್ಕದಲ್ಲೇ ಕೂತಿರುವುದನ್ನು ಗಮನಿಸಿ.

ಬ್ರಾಡ್ ಬೇರೆ ಜಾತಿಯದು. ಅದು ಅಂಚುಗಳನ್ನು ನೋಡುವುದಿಲ್ಲ, ಅಂಚುಗಳ ನಡುವೆ ಹರಡಿಕೊಂಡಿರುವುದನ್ನು ನೋಡುತ್ತದೆ. ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಪದ ಇದೆ, ಹರವು. 'ಹರವಾದ ಎದೆ' ಅಂತೀವಿ. ಅಲ್ಲಿ ನಾವು ಟೇಪು ಹಿಡಿದು ಅಳೆಯುತ್ತಿಲ್ಲ. ಎದುರಿಗೆ ಹರಡಿ ನಿಂತ ಮೈಯ ದಿಟ್ಟತನ ನೋಡುತ್ತಿದ್ದೇವೆ. ತಾತನ ಭುಜವೂ ಹಾಗೇ. ಅದು ಹರವು, ಆದ್ದರಿಂದ ಬ್ರಾಡ್. ಬೆನ್ನು ಬ್ರಾಡ್, ಎದೆ ಬ್ರಾಡ್, ಹಣೆ ಬ್ರಾಡ್. ತೇಗದ ಎಲೆ, ಬಾಳೆ ಎಲೆ ಬ್ರಾಡ್. ಕಣ್ಣು ಮಾತ್ರ ವೈಡ್, ತೆರೆದ ಬಾಯಿ ವೈಡ್, ಬಾಗಿಲು ವೈಡ್. ಇವೆಲ್ಲ ತೆರೆದುಕೊಳ್ಳುವ ವಸ್ತುಗಳು, ಅಗಲಿಸಲು ಬರುವಂಥವು.

ಹಾಗಾಗಿ ಮಗಳಿಗೆ ಹೇಳಿಕೊಡಲು ಒಂದು ಸುಲಭ ಉಪಾಯ: 'ಅಗಲಿಸು' ಅನ್ನಲು ಬರುತ್ತದಾ, ಅಥವಾ ನಡುವಿನ ತೆರಪು ಕಣ್ಣಿಗೆ ಬೀಳುತ್ತದಾ? ಹಾಗಿದ್ದರೆ ವೈಡ್. 'ಹರವು' ಅನ್ನಬೇಕು ಅನ್ನಿಸುತ್ತದಾ? ಹಾಗಿದ್ದರೆ ಬ್ರಾಡ್. ನೂರಕ್ಕೆ ನೂರು ಕೈ ಹಿಡಿಯುತ್ತದೆ ಅಂತ ನಾನು ಬಾಂಡ್ ಪೇಪರ್ ಮೇಲೆ ಬರೆದುಕೊಡುವುದಿಲ್ಲ. ನದಿ, ರಸ್ತೆ, ಕಣಿವೆ ಇಂಥವಕ್ಕೆ ಎರಡೂ ನಡೆಯುತ್ತವೆ. ನಗುವಿಗೂ ಎರಡೂ ನಡೆಯುತ್ತವೆ. ಆದರೆ ಪಕ್ಕದಲ್ಲಿ ಅಳತೆ ಬಂದರೆ ಇವತ್ತಿನ ಇಂಗ್ಲಿಷಿನಲ್ಲಿ ವೈಡ್‌ದೇ ದರ್ಬಾರು. ಇಪ್ಪತ್ತು ಅಡಿ ಅಗಲದ ರಸ್ತೆ ಅಂದರೆ 'ಟ್ವೆಂಟಿ ಫೀಟ್ ವೈಡ್'.

ಇದರಲ್ಲಿ ಒಂದು ತಮಾಷೆ ಇದೆ. ಭುಜ ಬ್ರಾಡ್ ಅಂದೆವಲ್ಲ. ಆದರೆ ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೋ ಹಾಕಿ ನೋಡಿ. ಪಾದಗಳನ್ನು ಎಷ್ಟು ದೂರ ಇಡಬೇಕು ಅಂತ ಹೇಳುವಾಗ ಟ್ರೈನರ್ ಹೇಳುವುದು 'ಶೋಲ್ಡರ್ ವಿಡ್ತ್ ಅಪಾರ್ಟ್' ಅಂತ. ಅದೇ ಭುಜ ಈಗ ಅಳತೆಗೋಲಾಯಿತು. ಎರಡು ಪಾದಗಳ ನಡುವಿನ ತೆರಪಿಗೆ ಅದನ್ನು ಬಳಸುತ್ತಿದ್ದಾರೆ. ಅದಕ್ಕೇ ವಿಡ್ತ್. ಅಂದರೆ ಭುಜ ನೋಡುವವರಿಗೆ ಬ್ರಾಡ್, ಅಳೆಯುವವರಿಗೆ ವಿಡ್ತ್.

ವಿಡ್ತ್ ಅಂದ ತಕ್ಷಣ ಇನ್ನೊಂದು ಜೋಡಿ ನೆನಪಾಗುತ್ತದೆ: ವಿಡ್ತ್, ಬ್ರೆಡ್ತ್. ವೈಡ್ ಎಳೆದು ಹೇಳುವ ಪದ, ವಿಡ್ತ್ ಆದಾಗ ಮೊಟಕಾಗುತ್ತದೆ. ಬ್ರಾಡ್ ಹೋಗಿ ಬ್ರೆಡ್ತ್, ಡೀಪ್ ಹೋಗಿ ಡೆಪ್ತ್, ಲಾಂಗ್ ಹೋಗಿ ಲೆಂಗ್ತ್. ಇದರಲ್ಲಿ ವಿಡ್ತ್ ಅನ್ನುವುದು ಆಮೇಲೆ ಬಂದ ಕೂಸು. 17ನೇ ಶತಮಾನದಲ್ಲಿ ಬ್ರೆಡ್ತನ್ನು ನೋಡಿ ಮಾಡಿಕೊಂಡಿದ್ದು. ಈಗ ಕೂಸು ಮನೆಯ ಯಜಮಾನನಾಗಿದೆ. ನಮ್ಮ ಗಣಿತದ ಪುಸ್ತಕದಲ್ಲಿ ಆಯತದ ವಿಸ್ತೀರ್ಣ ಇನ್ನೂ 'ಲೆಂಗ್ತ್ ಇಂಟು ಬ್ರೆಡ್ತ್'. ಕಂಪ್ಯೂಟರಿನಲ್ಲಿ ಫೋಟೊ ಸೈಜು ನೋಡಿದರೆ 'ವಿಡ್ತ್, ಹೈಟ್'. ಎರಡು ಲೋಕದ ಮಧ್ಯೆ ನಾನು ಒಮ್ಮೆ ಸಿಕ್ಕಿಬಿದ್ದಿದ್ದೇನೆ, ಅದನ್ನು ಹೇಳಿಬಿಡುತ್ತೇನೆ.

ಹಳೇ ವಿದ್ಯಾರ್ಥಿಗಳು ಸೇರುವ ಕಾರ್ಯಕ್ರಮ. ಬ್ಯಾನರ್ ಮಾಡಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡಿ, ಹುಡುಗನಿಗೆ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲೇ ಹೇಳಿದೆ: ಲೆಂಗ್ತ್ 10 ಅಡಿ, ವಿಡ್ತ್ 4 ಅಡಿ. ಮಾರನೇ ದಿನ ಬೆಳಗ್ಗೆ ಸುರುಳಿ ಬಿಚ್ಚಿದರೆ ಬ್ಯಾನರ್ ನೆಟ್ಟಗೆ ನಿಂತಿತ್ತು. 10 ಅಡಿ ಎತ್ತರ, 4 ಅಡಿ ಅಗಲ. 'ಸುಸ್ವಾಗತ' ಅನ್ನುವ ಪದ ಜಾಗ ಸಾಲದೆ ಎರಡು ಸಾಲಾಗಿ ಮುರಿದಿತ್ತು. ಮೇಲೆ 'ಸುಸ್ವಾ', ಕೆಳಗೆ 'ಗತ'. ನಾನು ರೇಗಿದೆ. ಹುಡುಗ ಸಮಾಧಾನವಾಗಿ, 'ನೀವೇ ಅಲ್ವಾ ಸಾರ್ ವಿಡ್ತ್ 4 ಅಂದಿದ್ದು?' ಅಂದ.

ಅವನು ಹೇಳಿದ್ದು ಸರಿ. ನಮ್ಮ ಲೆಕ್ಕದಲ್ಲಿ ದೊಡ್ಡ ಬದಿ ಉದ್ದ, ಚಿಕ್ಕ ಬದಿ ಅಗಲ. ನೆಲದ ಮೇಲೆ ಹಾಸಿದ ಚಾಪೆಗೆ, ಸೀರೆಗೆ, ಹೊಲಕ್ಕೆ ಇಂಗ್ಲಿಷಿನಲ್ಲೂ ಹಾಗೇ. ಆದರೆ ವಸ್ತು ನಮ್ಮ ಎದುರಿಗೆ ನಿಂತುಕೊಂಡಾಗ ನಿಯಮ ಬದಲು. ಎಡದಿಂದ ಬಲಕ್ಕೆ ಇರುವುದು ವಿಡ್ತ್, ದೊಡ್ಡದಾಗಲಿ ಚಿಕ್ಕದಾಗಲಿ. ಕೆಳಗಿನಿಂದ ಮೇಲಕ್ಕೆ ಹೈಟ್. ನಮ್ಮಿಂದ ಒಳಕ್ಕೆ ಹೋಗುವುದು ಡೆಪ್ತ್. ಬೀರು, ಫ್ರಿಜ್ಜು, ಟಿವಿ, ಕಿಟಕಿ, ಬ್ಯಾನರ್ ಎಲ್ಲಕ್ಕೂ ಇದೇ. ಅವತ್ತಿನ ಬ್ಯಾನರನ್ನು ಕೊನೆಗೆ ಗೇಟಿನ ಪಕ್ಕದ ತೆಂಗಿನ ಮರಕ್ಕೆ ಕಟ್ಟಿದೆವು. ಬಂದವರೆಲ್ಲ ಹೊಸ ಡಿಸೈನ್ ಅಂದುಕೊಂಡರು.

ಬಟ್ಟೆ ಅಂಗಡಿಯಲ್ಲಿ ಈ ತಾಪತ್ರಯವೇ ಇಲ್ಲ. ಥಾನಿನ ಅಗಲಕ್ಕೆ ಅವರದೇ ಪದ ಇದೆ, ಪನ್ನ. 'ಇದು ದೊಡ್ಡ ಪನ್ನ ಅಕ್ಕಾ, ಎರಡೂವರೆ ಮೀಟರ್ ಸಾಕು' ಅಂದರೆ ಮುಗಿಯಿತು. ಥಾನು ಎಷ್ಟು ಬಿಚ್ಚಿದರೂ ಪನ್ನ ಬದಲಾಗುವುದಿಲ್ಲ. ಅಗಲದಲ್ಲೂ ಒಂದು ಸ್ಥಿರವಾದ ಅಗಲ ಇದೆ, ಅದಕ್ಕೊಂದು ಬೇರೆ ಹೆಸರು ಬೇಕು ಅಂತ ಯಾರಿಗೋ ಅನ್ನಿಸಿದ್ದು ಎಷ್ಟು ಚೆಂದ, ಅಲ್ವಾ?

ರಸ್ತೆಯ ಮಾತು ಬಂತು ಅಂತ ಒಂದು ವ್ಯಾಕರಣದ ಸಂಗತಿ. ಬೆಂಗಳೂರಿನ ಇಂದಿರಾನಗರದಲ್ಲಿ ಹಂಡ್ರೆಡ್ ಫೀಟ್ ರೋಡ್ ಇದೆ, ಕೋರಮಂಗಲದಲ್ಲಿ ಎಯ್ಟಿ ಫೀಟ್ ರೋಡ್ ಇದೆ. ಅಗಲವನ್ನೇ ಹೆಸರು ಮಾಡಿಕೊಂಡ ರಸ್ತೆಗಳು. ಹೊಸದಾಗಿ ಬಂದ ವಿದೇಶಿಯರಿಗೆ ಇದು ಸ್ವಲ್ಪ ವಿಚಿತ್ರ. ನೂರಡಿ ಉದ್ದದ ರಸ್ತೆಗೂ ಒಂದು ಹೆಸರಾ ಅಂದುಕೊಳ್ಳಬಹುದು. ಹೆಸರು ಹಾಗೇ ಇರಲಿ, ಅದು ನಮ್ಮದು. ಆದರೆ ಮಗಳು ಪ್ರಬಂಧದಲ್ಲಿ ಬರೆಯುವಾಗ ಎರಡು ದಾರಿ ಇವೆ. ರಸ್ತೆ ಮೊದಲು ಬಂದರೆ, 'ದಿ ರೋಡ್ ಈಸ್ ಹಂಡ್ರೆಡ್ ಫೀಟ್ ವೈಡ್'. ಅಳತೆಯೇ ವಿಶೇಷಣವಾಗಿ ರಸ್ತೆಗಿಂತ ಮೊದಲು ಕೂತರೆ ಫೀಟ್ ಹೋಗಿ ಫೂಟ್ ಆಗುತ್ತದೆ, 'ಎ ಹಂಡ್ರೆಡ್ ಫೂಟ್ ವೈಡ್ ರೋಡ್'. ಇನ್ನು ಪ್ರಶ್ನೆ ಕೇಳುವಾಗ ನಮ್ಮವರು 'ಹೌ ಮಚ್ ವೈಡ್' ಅಂತ ಕೇಳುವುದುಂಟು. 'ಎಷ್ಟು ಅಗಲ' ಅನ್ನುವುದರ ನೇರ ಅನುವಾದ. ಮಚ್ ಬೇಡ. 'ಹೌ ವೈಡ್' ಸಾಕು.

ಈಗ ಕ್ರಿಕೆಟ್. ಇಲ್ಲಿ ವೈಡ್ ತನ್ನ ಹಳೇ 'ದೂರ'ದ ಅರ್ಥಕ್ಕೆ ವಾಪಸ್ ಹೋಗಿದೆ. ಚೆಂಡು ಅಗಲವಾಗಿದೆ ಅಂತ ಅಲ್ಲ, ಬ್ಯಾಟ್ಸ್‌ಮನ್‌ನಿಂದ ದೂರ ಹೋಯಿತು ಅಂತ. ಎಷ್ಟು ದೂರ? ಆಡುವವನು ಮಾಮೂಲಿ ಹೊಡೆತದಲ್ಲಿ ಮುಟ್ಟಲು ಆಗದಷ್ಟು. ಕ್ರಿಕೆಟ್ಟಿನ ನಿಯಮ ರೂಪಿಸುವ ಎಂಸಿಸಿ ಕ್ಲಬ್ಬು 2017ರಲ್ಲಿ ತಂದ ನಿಯಮಾವಳಿಯಲ್ಲಿ ಇದು 22ನೇ ನಿಯಮ. ಅಂಪೈರ್ ಎರಡೂ ಕೈ ಅಡ್ಡಕ್ಕೆ ಚಾಚುತ್ತಾರಲ್ಲ, ಅದಕ್ಕಿಂತ ಚೆನ್ನಾಗಿ ಈ ಪದವನ್ನು ಯಾವ ನಿಘಂಟೂ ವಿವರಿಸಲಾರದು. ಒಂದು ರನ್ ಎಕ್ಸ್‌ಟ್ರಾ, ಚೆಂಡು ಓವರಿನ ಲೆಕ್ಕಕ್ಕಿಲ್ಲ. ವೈಡ್ ಬಾಲಿಗೆ ಬೌಲ್ಡ್ ಆಗುವುದಿಲ್ಲ, ಕ್ಯಾಚ್ ಆಗುವುದಿಲ್ಲ, ಆದರೆ ಮುಂದೆ ನುಗ್ಗಿದವನನ್ನು ಕೀಪರ್ ಸ್ಟಂಪ್ ಮಾಡಬಹುದು. ಗಲ್ಲಿ ಕ್ರಿಕೆಟ್ಟಿನಲ್ಲಿ ಇದನ್ನು ಒಪ್ಪಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು.

ಕಾಮೆಂಟರಿ ಕೇಳಿದರೆ 'ವೈಡ್ ಆಫ್ ದಿ ಆಫ್ ಸ್ಟಂಪ್' ಅಂತ ಬರುತ್ತದೆ. ಇಲ್ಲಿ ವೈಡ್ ಆಫ್ ಅಂದರೆ ಇಂಥದ್ದರಿಂದ ಆಚೆಗೆ. 'ವೈಡ್ ಲಾಂಗ್ ಆನ್' ಅಂದರೆ ನೇರದ ಗೆರೆಯಿಂದ ಪಕ್ಕಕ್ಕೆ ಸರಿದು ನಿಂತ ಫೀಲ್ಡರ್. ಬಾಣವೋ ಗುಂಡೋ ಗುರಿಯ ಪಕ್ಕದಿಂದ ಹಾದು ಹೋದರೆ 'ವೈಡ್ ಆಫ್ ದಿ ಮಾರ್ಕ್'. ಈಗ ಅದನ್ನು ಅಂದಾಜು ಪೂರ್ತಿ ತಪ್ಪಿದಾಗ ಬಳಸುತ್ತಾರೆ. ಇಲ್ಲೆಲ್ಲ ಬ್ರಾಡ್ ಹಾಕಿ ನೋಡಿ, ನಗು ಬರುತ್ತದೆ. 'ಬ್ರಾಡ್ ಬಾಲ್' ಅಂದರೆ ಯಾರೋ ಚೆಂಡನ್ನು ಲಾರಿ ಕೆಳಗೆ ಹಾಕಿ ಚಪ್ಪಟೆ ಮಾಡಿದ ಹಾಗೆ.

ಬ್ಯಾಟಿನ ಅಗಲದ ಒಂದು ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1771ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾಂಬಲ್ಡನ್ ಕ್ಲಬ್ಬಿನವರ ವಿರುದ್ಧ ಥಾಮಸ್ ವೈಟ್ ಅನ್ನುವ ಆಟಗಾರ ಬ್ಯಾಟ್ ಹಿಡಿದು ಬಂದ. ಆ ಬ್ಯಾಟು ಇಡೀ ವಿಕೆಟ್ಟಿನಷ್ಟು ಅಗಲ ಇತ್ತು. ಇನ್ನು ಬೌಲ್ಡ್ ಮಾಡುವುದೆಲ್ಲಿ ಬಂತು? ಅಂಥ ಬ್ಯಾಟ್ ತರಬಾರದು ಅಂತ ಆಗ ನಿಯಮವೇ ಇರಲಿಲ್ಲ. ಹ್ಯಾಂಬಲ್ಡನ್‌ನವರು ಪ್ರತಿಭಟಿಸಿದರು. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ಮೀರಬಾರದು ಅಂತ ಗೊತ್ತುಮಾಡಲಾಯಿತು. ಎರಡೂವರೆ ಶತಮಾನ ಕಳೆದರೂ ಆ ನಾಲ್ಕೂಕಾಲು ಇಂಚು, ಅಂದರೆ 10.8 ಸೆಂಟಿಮೀಟರ್, ಹಾಗೇ ಇದೆ. ಬ್ಯಾಟಿನ ದಪ್ಪ ಎಷ್ಟೋ ಜಾಸ್ತಿಯಾಗಿದೆ, ಅಗಲ ಮಾತ್ರ ಅಲ್ಲಾಡಿಲ್ಲ.

ದೂರದ ಅರ್ಥದಲ್ಲೇ ಇನ್ನೊಂದು ನುಡಿಗಟ್ಟು ನಮ್ಮ ಮಕ್ಕಳನ್ನು ದಾರಿ ತಪ್ಪಿಸುತ್ತದೆ, 'ಗಿವ್ ಎ ವೈಡ್ ಬರ್ತ್'. ರೈಲಿನಲ್ಲಿ ಕಾಲು ಚಾಚಿ ಮಲಗಲು ಅಗಲವಾದ ಬರ್ತ್ ಕೊಡಿ ಅಂತ ಅಲ್ಲ. ಬರ್ತ್ ಅನ್ನುವುದು ಮೂಲದಲ್ಲಿ ಹಡಗಿನವರ ಪದ. ಒಂದು ಹಡಗು ಇನ್ನೊಂದಕ್ಕೆ ತಾಗದಂತೆ ತಿರುಗಾಡಲು ಬಿಡುವ ಜಾಗಕ್ಕೆ ಹಾಗನ್ನುತ್ತಿದ್ದರು. ಆಮೇಲೆ ಅದು ಹಡಗಿನೊಳಗೆ ಮಲಗುವ ಜಾಗವಾಯಿತು, ಅಲ್ಲಿಂದ ರೈಲು ಹತ್ತಿತು. ವೈಡ್ ಬರ್ತ್ ಕೊಡುವುದು ಅಂದರೆ ನಮ್ಮ ಮಾತಿನಲ್ಲಿ ಮಾರು ದೂರ ಇರುವುದು. 'ಆ ಮನುಷ್ಯನಿಂದ ಮಾರು ದೂರ ಇರಪ್ಪ' ಅಂತೀವಲ್ಲ, ಅದೇ. ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಅಗಲ. ಅಂಪೈರನ್ನು ಮತ್ತೆ ನೆನಪಿಸಿಕೊಳ್ಳಿ.

ಕೆಲವು ಕಡೆ ವೈಡ್ ಅಂದರೆ ಅಗಲವೂ ಅಲ್ಲ, ದೂರವೂ ಅಲ್ಲ, ಸುಮ್ನೆ 'ಪೂರ್ತಿ' ಅಂತ. ವೈಡ್ ಓಪನ್ ಅಂದರೆ ಹಾರು ಹೊಡೆದ ಬಾಗಿಲು. ವೈಡ್ ಅವೇಕ್ ಅಂದರೆ ಪೂರ್ತಿ ಎಚ್ಚರ. ಹಾಗಂತ ವೈಡ್ ಅಸ್ಲೀಪ್ ಅನ್ನುವ ಹಾಗಿಲ್ಲ, ಗಾಢ ನಿದ್ದೆಗೆ ಫಾಸ್ಟ್ ಅಸ್ಲೀಪ್. ಎಚ್ಚರ ಅಂದರೆ ಕಣ್ಣು ಅಗಲಿಸಿರುವುದು, ಅದಕ್ಕೆ ವೈಡ್. ನಿದ್ದೆಯಲ್ಲಿ ಅಗಲಿಸಲು ಏನಿದೆ? ಇಲ್ಲಿ ಮಕ್ಕಳು 'ವೈಡ್‌ಲಿ ಓಪನ್' ಅಂತ ಬರೆಯುವುದು ಜಾಸ್ತಿ. ಕ್ರಿಯಾವಿಶೇಷಣಕ್ಕೆ ಬಾಲ ಅಂಟಿಸಬೇಕು ಅಂತ ನಾವೇ ಕಲಿಸಿರುತ್ತೇವೆ, ಅವರದೇನೂ ತಪ್ಪಿಲ್ಲ. ಆದರೆ ಕಣ್ಣಿಗೆ ಕಾಣುವ ತೆರಪಿಗೆ ಬಾಲ ಇಲ್ಲದ ವೈಡೇ ಸರಿ. ಹಲ್ಲಿನ ಡಾಕ್ಟರು ಹೇಳುವುದು 'ಓಪನ್ ವೈಡ್'. ವೈಡ್‌ಲಿ ಬರುವುದು ಬಹಳ ಕಡೆ, ಬಹಳ ಜನರಲ್ಲಿ ಅನ್ನುವಾಗ. ಬಹಳ ಊರು ಸುತ್ತಿದವರು 'ಟ್ರಾವೆಲ್ಡ್ ವೈಡ್‌ಲಿ'. ಎಲ್ಲರಿಗೂ ಗೊತ್ತಿರುವವರು 'ವೈಡ್‌ಲಿ ನೋನ್'. 'ವೈಡ್‌ಲಿ ರೆಡ್' ಅಂದರೆ ಮಾತ್ರ ಎರಡು ಅರ್ಥ. ಪುಸ್ತಕಕ್ಕೆ ಹೇಳಿದರೆ ಬಹಳ ಜನ ಓದಿದ್ದು, ಮನುಷ್ಯನಿಗೆ ಹೇಳಿದರೆ ಬಹಳ ಓದಿಕೊಂಡವನು.

ಇದೇ ಎಳೆ ಹಿಡಿದರೆ ಅಮೂರ್ತ ವಿಷಯಗಳಲ್ಲೂ ವ್ಯತ್ಯಾಸ ಕಾಣುತ್ತದೆ. ನನಗೆ ಇಷ್ಟವಾದ ಉದಾಹರಣೆ ಒಪ್ಪಂದದ್ದು. ವೈಡ್ ಅಗ್ರಿಮೆಂಟ್ ಅಂದರೆ ಬಹಳ ಜನ ಒಪ್ಪಿದ್ದಾರೆ. ಎಲ್ಲೆಲ್ಲಿಂದಲೋ, ಆ ತುದಿಯಿಂದ ಈ ತುದಿಯವರೆಗೆ. ಬ್ರಾಡ್ ಅಗ್ರಿಮೆಂಟ್ ಅಂದರೆ ಮುಖ್ಯ ವಿಷಯಗಳಲ್ಲಿ ಒಪ್ಪಿಗೆ ಇದೆ, ಸಣ್ಣಪುಟ್ಟದ್ದು ಇನ್ನೂ ಬಗೆಹರಿದಿಲ್ಲ. ಆಸ್ತಿ ಪಾಲಿಗೆ ಕೂತ ಅಣ್ಣ ತಮ್ಮಂದಿರು ಇಬ್ಬರೇ ಇದ್ದರೂ ಬ್ರಾಡ್ ಅಗ್ರಿಮೆಂಟ್ ಆಗಬಹುದು. ಹೊಲ ಅವನಿಗೆ, ಮನೆ ಇವನಿಗೆ ಅಂತ ಆಯಿತು, ಬಾವಿ ಮತ್ತು ಹಲಸಿನ ಮರದ ಮಾತು ಬಾಕಿ. ಅದಕ್ಕೇ 'ಬ್ರಾಡ್‌ಲಿ ಸ್ಪೀಕಿಂಗ್' ಅಂದರೆ ಸ್ಥೂಲವಾಗಿ ಹೇಳುವುದಾದರೆ. ವೈಡ್‌ಲಿ ಸ್ಪೀಕಿಂಗ್ ಅಂತ ಇಲ್ಲ. ವಿಶಾಲ ಮನಸ್ಸಿನವರು ಬ್ರಾಡ್ ಮೈಂಡೆಡ್, ಹಾಡಹಗಲು ಬ್ರಾಡ್ ಡೇಲೈಟ್. ಹರಡಿ ನಿಂತ ಬೆಳಕು, ಹರವಾದ ಮನಸ್ಸು. ವೈಡ್, ಬ್ರಾಡ್ ಎರಡಕ್ಕೂ ಎದುರು ಪದ ನ್ಯಾರೋ. ಆದರೆ ನ್ಯಾರೋ ಎಸ್ಕೇಪ್ ಇದೆ ಅಂತ ವೈಡ್ ಎಸ್ಕೇಪ್ ಹುಡುಕಲು ಹೋಗಬೇಡಿ. ನ್ಯಾರೋ ಎಸ್ಕೇಪಿಗೆ ಇಂಗ್ಲಿಷಿನಲ್ಲಿ 'ಕೂದಲೆಳೆಯ ಬ್ರೆಡ್ತ್' ಕೂಡ ಇದೆ, ಕನ್ನಡದ ಪತ್ರಿಕೆಯವರು ದಿನಕ್ಕೊಮ್ಮೆಯಾದರೂ ಬಳಸುವ 'ಕೂದಲೆಳೆಯ ಅಂತರ' ಇದೆ.

ಬ್ರಾಡ್ ಅಂದರೆ ಹರವು ಅಂತ ಹೇಳುವಾಗ ನನಗೆ ಯಾವಾಗಲೂ ನೆನಪಾಗುವುದು ಬ್ರಾಡ್‌ಕಾಸ್ಟ್. ಅದು ರೇಡಿಯೋದವರ ಪದ ಅಲ್ಲ, ರೈತರ ಪದ. ಮುಷ್ಟಿಯಲ್ಲಿ ಬೀಜ ಹಿಡಿದು ಹೊಲದ ತುಂಬ ಬೀಸಿ ಚೆಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಆ ಹೆಸರು. ನಮ್ಮ ಕಡೆ ಕೂರಿಗೆ ಹಿಡಿದು ಸಾಲಾಗಿ ಬಿತ್ತುವುದು ಒಂದು, ಚೆಲ್ಲಿ ಬಿತ್ತುವುದು ಇನ್ನೊಂದು. ಎರಡನೆಯದೇ ಬ್ರಾಡ್‌ಕಾಸ್ಟ್. ಮಾತನ್ನೂ ಹಾಗೇ ಗಾಳಿಯಲ್ಲಿ ಚೆಲ್ಲಲು ಶುರು ಮಾಡಿದಾಗ ರೇಡಿಯೋದವರು ಆ ಪದ ಎತ್ತಿಕೊಂಡರು. ನಾವು ಆ ಗೋಜಿಗೇ ಹೋಗಲಿಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದಾಗ ಅದಕ್ಕೆ ಬಂದ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು.

ನನ್ನ ಉಪಾಯ ಕೈಕೊಡುವ ಜಾಗವನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸ ಆಗುತ್ತದೆ. ರೈಲಿನ ಎರಡು ಹಳಿಗಳ ನಡುವೆ ಇರುವುದು ತೆರಪು. ಹಾಗಾಗಿ ಅದು ವೈಡ್ ಗೇಜ್ ಆಗಬೇಕಿತ್ತು. ಆದರೆ ಎಲ್ಲರೂ ಹೇಳುವುದು ಬ್ರಾಡ್ ಗೇಜ್. ಇಂಗ್ಲೆಂಡಿನಲ್ಲಿ ಬ್ರೂನೆಲ್ ಅನ್ನುವ ಎಂಜಿನಿಯರ್ ಏಳಡಿ ಗೇಜಿನ ಹಳಿ ಹಾಕಿಸಿದಾಗ ಅದಕ್ಕೆ ಬ್ರಾಡ್ ಅಂದರು, ಹೆಸರು ನಿಂತುಬಿಟ್ಟಿತು. ಅಲ್ಲಿನ ಏಳಡಿ ಹಳಿ 1892ರಲ್ಲೇ ಕಣ್ಮರೆಯಾಯಿತು. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್, ಅಂದರೆ ಐದೂವರೆ ಅಡಿ. ಮೈಸೂರು ಕಡೆಯ ಹಿರಿಯರು ಈಗಲೂ ನೆನಪಿಸಿಕೊಳ್ಳುವ ಮೀಟರ್ ಗೇಜ್, ಹೆಸರೇ ಹೇಳುವ ಹಾಗೆ, ಒಂದು ಮೀಟರ್. ನಮ್ಮ ಮೆಟ್ರೋ ಓಡುವುದು ಇವೆರಡರ ನಡುವಿನ 1,435ರ ಮೇಲೆ. ಇಂಟರ್‌ನೆಟ್ಟಿನಲ್ಲೂ ಇದೇ ಬೆರಕೆ. ತಂತಿ ಎಳೆಸುವುದು ಬ್ರಾಡ್‌ಬ್ಯಾಂಡಿಗೆ, ಆದರೆ ಎಷ್ಟಿದೆ ಅಂತ ಕೇಳುವುದು ಬ್ಯಾಂಡ್‌ವಿಡ್ತ್. ಈಗ ಸಾಫ್ಟ್‌ವೇರಿನ ಹುಡುಗರು ಪುರುಸೊತ್ತಿಲ್ಲ ಅನ್ನುವುದಕ್ಕೂ 'ಬ್ಯಾಂಡ್‌ವಿಡ್ತ್ ಇಲ್ಲ' ಅನ್ನುತ್ತಾರೆ. ನನ್ನ ಅಳಿಯ ತರಕಾರಿ ತರಲು ಹೇಳಿದಾಗ ಹಾಗಂದ.

ಇನ್ನು ಪದದ ಹಿಂದೆ ಬಾಲದ ಹಾಗೆ ಅಂಟಿಕೊಳ್ಳುವ ವೈಡ್. ಸ್ಟೇಟ್‌ವೈಡ್, ನೇಷನ್‌ವೈಡ್, ವರ್ಲ್ಡ್‌ವೈಡ್. ಟಿಮ್ ಬರ್ನರ್ಸ್‌-ಲೀ 1989ರಲ್ಲಿ ಸರ್ನ್‌ ಸಂಸ್ಥೆಯಲ್ಲಿ ರೂಪಿಸಿದ ಜಾಲಕ್ಕೆ ವರ್ಲ್ಡ್ ವೈಡ್ ವೆಬ್ ಅಂತ ಹೆಸರಾಯಿತು. ಮೂರು ಡಬ್ಲ್ಯುಗಳಲ್ಲಿ ನಡುವಿನದು ನಮ್ಮ ವೈಡೇ. ಕನ್ನಡದಲ್ಲಿ ಇದಕ್ಕೆ ಅಗಲ ಒಗ್ಗುವುದಿಲ್ಲ. ರಾಜ್ಯಾದ್ಯಂತ, ದೇಶಾದ್ಯಂತ ಅನ್ನುತ್ತೇವೆ. ಆದಿಯಿಂದ ಅಂತ್ಯದವರೆಗೆ. ಇಲ್ಲವೇ 'ದೇಶದ ಉದ್ದಗಲಕ್ಕೂ' ಅನ್ನುತ್ತೇವೆ. ಅದು ಇಂಗ್ಲಿಷಿನಲ್ಲಿ 'ಲೆಂಗ್ತ್ ಆಂಡ್ ಬ್ರೆಡ್ತ್', ಅಲ್ಲಿ ವಿಡ್ತ್ ಬರುವುದಿಲ್ಲ.

ಮೊಬೈಲ್ ಕ್ಯಾಮೆರಾದ ವೈಡ್ ಬಗ್ಗೆ ನೀವು ಕೇಳಿಲ್ಲ, ಆದರೆ ಮಗಳಿಗೆ ಅದೇ ಜಾಸ್ತಿ ಗೊತ್ತಿರುತ್ತದೆ. ಫೋಟೊ ಅಗಲವಾಗುತ್ತದೆ ಅಂತ ಅಲ್ಲ, ಲೆನ್ಸ್ ನೋಡುವ ಕೋನ ಅಗಲಿಸಿಕೊಳ್ಳುತ್ತದೆ. 0.5 ಅಂತ ಒತ್ತಿದರೆ ಗ್ರೂಪ್ ಫೋಟೊದಲ್ಲಿ ಎಲ್ಲರೂ ಹಿಡಿಸುತ್ತಾರೆ. ಆದರೆ ತುದಿಯಲ್ಲಿ ನಿಂತವರು ರಬ್ಬರಿನ ಹಾಗೆ ಎಳೆದಂತೆ ಕಾಣುತ್ತಾರೆ. ಮದುವೆ ಫೋಟೊದಲ್ಲಿ ದಪ್ಪಗೆ ಕಾಣುತ್ತೇನೆ ಅಂತ ಬೇಜಾರು ಮಾಡಿಕೊಳ್ಳುವ ಅತ್ತೆಯನ್ನು ಮಧ್ಯಕ್ಕೆ ಕರೆಯಿರಿ, ಸರಿಹೋಗುತ್ತದೆ.

ಮಗಳಿಗೆ ತಾತನ ಪ್ರಬಂಧದಲ್ಲಿ ವೈಡ್ ಇರಲೇಬೇಕು ಅಂತ ಆಸೆ ಇದ್ದರೆ ಅದಕ್ಕೂ ಜಾಗ ಇದೆ. ಭುಜವನ್ನು ಬ್ರಾಡ್ ಅಂತಲೇ ಬಿಡಲಿ. ತಾತ ಜಗುಲಿಯ ಮುಂದೆ ಕಾಲು ಅಗಲಿಸಿ ನಿಂತಿದ್ದರೆ 'ವಿತ್ ಹಿಸ್ ಫೀಟ್ ವೈಡ್ ಅಪಾರ್ಟ್' ಅಂತ ಬರೆಯಲಿ. ಮೊಮ್ಮಗಳನ್ನು ಕಂಡು ಬಾಯ್ತುಂಬ ನಕ್ಕರೆ 'ಎ ವೈಡ್ ಸ್ಮೈಲ್'. ಇವೆರಡನ್ನು ಮೇಷ್ಟ್ರು ಹೊಡೆದು ಹಾಕಿದರೆ ಮತ್ತೆ ಬರೆಯಿರಿ.